ಹೆರ್ಮನ್ ಮೋಗ್ಲಿಂಗ್

ಕರ್ನಾಟಕದಲ್ಲಿ ಪ್ರತಿ ವರ್ಷವೂ ಜುಲೈ 1ನೆಯ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. 1843ರಲ್ಲಿ ಆ ದಿನವೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬೆಳಕು ಕಂಡಿತು. ಅದರ ಸಂಪಾದಕರು ಜರ್ಮನಿಯಿಂದ ಬಂದ ಕ್ರೈಸ್ತ ಪಾದ್ರಿ ಹೆರ್ಮನ್ ಮೋಗ್ಲಿಂಗರು.

ಮೋಗ್ಲಿಂಗರು 1811ರಲ್ಲಿ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿ, ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಯೇಸುವಿನ ಸಂದೇಶವನ್ನು ಸಾರುವುದೇ ಅವರು ಬಂದ ಉದ್ದೇಶ. ಆದರೆ ಯಾರಿಗೆ ಸಾರಬೇಕೋ ಅವರ ಮಾತು, ಕಥೆ, ಹಾಡುಗಳನ್ನು ಅರಿಯದೆ ಬಾಯಿ ತೆರೆಯುವುದು ವ್ಯರ್ಥವೆಂದು ಅವರು ಬೇಗನೆ ಮನಗಂಡರು. ಕನ್ನಡವನ್ನು ಶ್ರದ್ಧೆಯಿಂದ ಕಲಿತರು.

ಅವರ ಪತ್ರಿಕೆ ಕೇವಲ ಧರ್ಮಬೋಧೆಯ ಹಾಳೆಯಾಗಿರಲಿಲ್ಲ. ಊರ ವರ್ತಮಾನ, ಸರಕಾರದ ನಿರೂಪಗಳು, ಪರದೇಶಗಳ ಸುದ್ದಿ, ಕಥೆಗಳು ಎಲ್ಲವೂ ಅದರಲ್ಲಿದ್ದುವು. ಪಾಕ್ಷಿಕವಾಗಿ ಹೊರಡುತ್ತಿದ್ದ ಆ ನಾಲ್ಕು ಪುಟಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಬೆಲೆ ಒಂದು ದುಡ್ಡು. ಬಳ್ಳಾರಿಯಲ್ಲಾದರೋ ಲಂಡನ್ ಮಿಷನ್ನಿನವರ ಅಚ್ಚುಕೂಟವಿದ್ದು, ಅಲ್ಲಿ ಕನ್ನಡದ ಅಚ್ಚುಮೊಳೆಗಳು ದೊರೆಯುತ್ತಿದ್ದುವು. ಆದುದರಿಂದ 1844ರಲ್ಲಿ ಪತ್ರಿಕೆ 'ಕನ್ನಡ ಸಮಾಚಾರ'ವೆಂಬ ಹೊಸ ಹೆಸರು ತಳೆದು ನಮ್ಮ ಬಳ್ಳಾರಿಯಲ್ಲಿ ಮುದ್ರಣಗೊಳ್ಳತೊಡಗಿತು.

ಅದೇ ವರ್ಷ ಮೋಗ್ಲಿಂಗರ ಬಾಳಿನಲ್ಲಿ ಕಠಿನವಾದ ಪರೀಕ್ಷೆಯೊಂದು ಎದುರಾಯಿತು. ಅವರಲ್ಲಿ ವಿದ್ಯೆ ಕಲಿಯುತ್ತಿದ್ದ ಆನಂದರಾವ್ ಕೌಂಡಿನ್ಯ ಮತ್ತು ಅವನ ಇಬ್ಬರು ಬ್ರಾಹ್ಮಣ ಗೆಳೆಯರು ಕ್ರೈಸ್ತ ಮತವನ್ನು ಸ್ವೀಕರಿಸಿದರು. ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಗುರುವಿಗೆ ಅದು ತನ್ನ ಶ್ರಮದ ಫಲ. ಹೆತ್ತವರಿಗೋ ಮಗ ಬದುಕಿದ್ದೂ ಮನೆಗೆ ಇಲ್ಲವಾದ ದುಃಖ. ಈ ಎರಡನ್ನೂ ನಾವು ಕಾಣದೆ ಹೋದರೆ ಆ ಕಾಲವನ್ನು ಸರಿಯಾಗಿ ಅರಿತಂತಾಗದು. ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಕಲಿತು, ತಾವೂ ಪಾದ್ರಿಯಾಗಿ ಹಿಂದಿರುಗಿದರು.

ಮೋಗ್ಲಿಂಗರು ಇನ್ನೊಂದು ಕಾರ್ಯವನ್ನೂ ಕೈಗೊಂಡಿದ್ದರು. ತಾಳೆಗರಿಗಳಲ್ಲಿ ಅಡಗಿದ್ದ ಕನ್ನಡ ಕಾವ್ಯಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸುವುದೇ ಆ ಕಾರ್ಯ. ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿ ಧನಸಹಾಯವಿತ್ತರು. 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಆ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಪ್ರಕಟವಾದುವು. ಕ್ರೈಸ್ತ ಪಾದ್ರಿಯೊಬ್ಬರು ಶಿವಶರಣರ ಮತ್ತು ಹರಿದಾಸರ ಕೃತಿಗಳನ್ನು ಅಷ್ಟು ಅಕ್ಕರೆಯಿಂದ ಕಾಪಾಡಿದುದು ಸೋಜಿಗವೇ ಸರಿ!

1853ರಲ್ಲಿ ಸೋಮಯ್ಯನೆಂಬ ಕೊಡವನೊಬ್ಬನು ಕ್ರೈಸ್ತನಾಗಲು ಬಯಸಿದನು. ಆ ನಿಮಿತ್ತ ಮೋಗ್ಲಿಂಗರು ಕೊಡಗಿಗೆ ತೆರಳಿದರು. ಅಲ್ಲಿ ಅವರ ಕಣ್ಣಿಗೆ ಬಿದ್ದ ಇನ್ನೊಂದು ಸಮುದಾಯವೆಂದರೆ ಒಡೆಯರ ಗದ್ದೆಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಜೀತಕ್ಕೆ ಸಿಕ್ಕಿದ್ದ ಹೊಲೆಯರು. ಅವರಿಗೆ ಬೋಧೆಗಿಂತ ಮೊದಲು ನೆಲೆ ಬೇಕಾಗಿತ್ತು. ಮಂಗಳೂರಿನ ಆ ಶಿಷ್ಯ ಕೌಂಡಿನ್ಯರೇ ಹಣದಿಂದ ನೆರವಾಗಲು, ಆನಂದಪುರವೆಂಬ ಹೊಸ ಊರು ನೆಲೆಗೊಂಡಿತು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನ ಹಣದಿಂದ ಹೊಲೆಯರಿಗೆ ಊರಾಯಿತೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕೊಡಗಿನ ಜನಜೀವನವನ್ನು ಕುರಿತು ಮೋಗ್ಲಿಂಗರು 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೂ ಬರೆದರು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. 1860ರಲ್ಲಿ ಪತ್ನಿಯ ಅನಾರೋಗ್ಯದ ಕಾರಣ ಸ್ವದೇಶಕ್ಕೆ ಮರಳಿದ ಅವರು ಮತ್ತೆ ಕರ್ನಾಟಕವನ್ನು ಕಾಣಲಿಲ್ಲ. ಅಲ್ಲಿಯೂ ಕನ್ನಡ ಅವರನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ತಮ್ಮ ನಾಡಿನವರ ಕೈಗಿತ್ತರು. 1881ರಲ್ಲಿ ಅವರು ತೀರಿಕೊಂಡರು.