ಡಾ. ಹೋಮಿ ಭಾಭಾ ಅವರ ಬೆಂಗಳೂರಿನ ವರ್ಷಗಳು

ಭಾರತದ ಪರಮಾಣು ಕಾರ್ಯಕ್ರಮದ ಶಿಲ್ಪಿ ಡಾ. ಹೋಮಿ ಜೆಹಾಂಗೀರ್ ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಕೇಂಬ್ರಿಜ್‌ಗೆ ತೆರಳಿದ ಅವರನ್ನು ಭೌತವಿಜ್ಞಾನವು ಸೆಳೆದುಕೊಂಡಿತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಕುರಿತು 1937ರಲ್ಲಿ ವಾಲ್ಟರ್ ಹೈಟ್ಲರ್ ಅವರೊಡನೆ ಪ್ರಕಟಿಸಿದ ಸಿದ್ಧಾಂತದಿಂದ ಅವರು ಪ್ರಸಿದ್ಧರಾದರು.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೀಡರ್ ಹುದ್ದೆಯನ್ನು ಸ್ವೀಕರಿಸಿದರು. ಸರ್ ಸಿ. ವಿ. ರಾಮನ್ ಅವರೂ ಆಗ ಅಲ್ಲಿಯೇ ಇದ್ದರು. ಆಕಸ್ಮಿಕವಾಗಿ ಒದಗಿದ ಈ ನೆಲೆಯು ಅವರ ಅಧ್ಯಯನಕ್ಕೆ ಅತ್ಯಂತ ಸೂಕ್ತವಾಗಿತ್ತು.

ವಿಶ್ವಕಿರಣಗಳಲ್ಲಿ ಬಹುಪಾಲು ವಿದ್ಯುದಾವಿಷ್ಟ ಕಣಗಳು. ಇಂತಹ ಕಣವು ಕಾಂತಕ್ಷೇತ್ರದ ಬಲರೇಖೆಗಳನ್ನು ಅಡ್ಡಹಾಯುವಾಗ ಅದರ ಮೇಲೆ ಪಕ್ಕದಿಂದ ಬಲ ಬೀಳುತ್ತದೆ. ವೇಗ ಕುಗ್ಗುವುದಿಲ್ಲ, ದಿಕ್ಕು ಮಾತ್ರ ಬದಲಾಗುತ್ತದೆ. ಗಾಣಕ್ಕೆ ಕಟ್ಟಿದ ಎತ್ತಿನಂತೆ ಕಣವು ಸುತ್ತತೊಡಗುತ್ತದೆ. ಶಕ್ತಿ ಹೆಚ್ಚಿದಷ್ಟೂ ಸುತ್ತು ಹಿರಿದು. ಬಲರೇಖೆಯ ಗುಂಟವೇ ಸಾಗುವ ಕಣಕ್ಕೆ ಈ ತಡೆಯಿಲ್ಲ. ಭೂಮಿಯ ಕಾಂತಧ್ರುವಗಳ ಬಳಿ ಬಲರೇಖೆಗಳು ನೆಲಕ್ಕೆ ಹೆಚ್ಚುಕಡಿಮೆ ಲಂಬವಾಗಿರುವುದರಿಂದ ಕಣಗಳು ಸುಲಭವಾಗಿ ಇಳಿಯುತ್ತವೆ. ದಕ್ಷಿಣ ಭಾರತವು ಕಾಂತೀಯ ಸಮಭಾಜಕಕ್ಕೆ ಸಮೀಪವಾಗಿದ್ದು, ಇಲ್ಲಿ ಬಲರೇಖೆಗಳು ನೆಲಕ್ಕೆ ಬಹುತೇಕ ಸಮಾನಾಂತರವಾಗಿವೆ. ಬೆಂಗಳೂರಿನಲ್ಲಾಗಲಿ, ಉತ್ತರಕ್ಕಿರುವ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಲ್ಲಾಗಲಿ, ನೆತ್ತಿಯ ಮೇಲಿನಿಂದ ಬರುವ ಪ್ರೋಟಾನು ವಾಯುಮಂಡಲವನ್ನು ಮುಟ್ಟಬೇಕಾದರೆ ಅದಕ್ಕೆ ಸುಮಾರು 1,500 ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚಿನ ಶಕ್ತಿ ಇರಬೇಕು. ಉಳಿದವು ಹೊರಗೇ ತಿರುಗಿಹೋಗುತ್ತವೆ. ಯಂತ್ರದ ನೆರವಿಲ್ಲದೆ ಭೂಮಿಯೇ ಕಣಗಳನ್ನು ಜರಡಿ ಹಿಡಿದು ಕೊಟ್ಟಂತೆ!

ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ ಭಾಭಾ ಅವರು ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನಾ ಘಟಕವನ್ನು ಕಟ್ಟಿದರು. ಕಣಗಳನ್ನು ಎಣಿಸುವ ಗೈಗರ್ ಗಣಕಗಳನ್ನು ಅಮೆರಿಕದ ಸೇನಾ ವಿಮಾನದಲ್ಲಿರಿಸಿ, ಬೆಂಗಳೂರಿನ ಮೇಲೆ 30,000 ಅಡಿ ಎತ್ತರದವರೆಗೆ ಅಳತೆಗಳನ್ನು ಪಡೆಯಲಾಯಿತು. ಉತ್ತರದ ಅಕ್ಷಾಂಶಗಳ ಅಳತೆಗಳೊಡನೆ ಇವನ್ನು ಹೋಲಿಸಿದ ಲೇಖನವು 1945ರಲ್ಲಿ ಪ್ರಕಟವಾಯಿತು. ಸೈದ್ಧಾಂತಿಕ ವಿಜ್ಞಾನಿಯೊಬ್ಬರು ಉಪಕರಣಗಳಿಗೆ ಕೈಹಾಕಿದ್ದು ಗಮನಾರ್ಹ.

ಯುದ್ಧ ಮುಗಿದ ಮೇಲೆ ವಿದೇಶಕ್ಕೆ ಮರಳುವ ವಿಚಾರ ಅವರಿಗೆ ಮೊದಲು ಇದ್ದಿತು. ಬೆಂಗಳೂರಿನ ವರ್ಷಗಳಲ್ಲಿ ಅದು ಬದಲಾಯಿತು. 1944ರ ಮಾರ್ಚ್‌ನಲ್ಲಿ, ಮೂಲವಿಜ್ಞಾನಕ್ಕೆ ಮೀಸಲಾದ ಸಂಸ್ಥೆಯೊಂದು ದೇಶದಲ್ಲಿಯೇ ಬೇಕೆಂದು ಅವರು ಟಾಟಾ ಟ್ರಸ್ಟಿಗೆ ಪತ್ರ ಬರೆದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರ ಜೂನ್‌ನಲ್ಲಿ ಬೆಂಗಳೂರಿನಲ್ಲಿಯೇ ಕಾರ್ಯಾರಂಭ ಮಾಡಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ಸ್ಥಳಾಂತರಗೊಂಡಿತು. 1948ರಲ್ಲಿ ಭಾಭಾ ಅವರು ಪರಮಾಣು ಶಕ್ತಿ ಆಯೋಗದ ಪ್ರಥಮ ಅಧ್ಯಕ್ಷರಾದರು.

1966ರ ಜನವರಿ 24ರಂದು ವಿಯೆನ್ನಾಗೆ ತೆರಳುತ್ತಿದ್ದಾಗ, ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಬಳಿ ಸಂಭವಿಸಿದ ಏರ್ ಇಂಡಿಯಾ ವಿಮಾನ ಅಪಘಾತದಲ್ಲಿ ಅವರು ನಿಧನರಾದರು. ಆಗ ಅವರಿಗೆ 56 ವರ್ಷ.