ಧ್ವನಿಗೆ ದಿಕ್ಕು ಕೊಟ್ಟ ಅಲನ್ ಬ್ಲಮ್‌ಲೈನ್

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 5.1 ಸ್ಪೀಕರ್ ಸೆಟ್ ತಂದು ಕಂಪ್ಯೂಟರಿಗೆ ಜೋಡಿಸಿಕೊಳ್ಳುವವರು ಉಂಟು. ಸಾಮಾನ್ಯವಾಗಿ ಸೌಂಡ್ ಕಾರ್ಡಿನ ಹಸಿರು ಜಾಕ್ ಮುಂದಿನ ಎರಡು ಸ್ಪೀಕರುಗಳಿಗೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ಬಣ್ಣದ್ದು ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್‌ಗೆ. ಹಸಿರು, ಕಪ್ಪು ಅದಲುಬದಲಾದರೆ ಮುಂದಿನಿಂದ ಬರಬೇಕಾದ ಸದ್ದು ಬೆನ್ನ ಹಿಂದೆ ಕೇಳಿಸುತ್ತದೆ. ಒಂದೇ ವೈರಿನಲ್ಲಿ ಎಡದ ಸದ್ದು ಬೇರೆ, ಬಲದ ಸದ್ದು ಬೇರೆಯಾಗಿ ಹರಿಯುವ ಈ ವ್ಯವಸ್ಥೆಗೆ ಅಡಿಪಾಯ ಹಾಕಿದವರಲ್ಲಿ ಅಲನ್ ಡವರ್ ಬ್ಲಮ್‌ಲೈನ್ ಪ್ರಮುಖರು.

ಬ್ಲಮ್‌ಲೈನ್ ಜನಿಸಿದ್ದು 1903ರ ಜೂನ್ 29ರಂದು, ಲಂಡನ್ನಿನಲ್ಲಿ. ಬಾಲ್ಯದಲ್ಲಿ ಅವರಿಗೆ ಓದು ಸುಲಭವಾಗಿ ಹತ್ತಲಿಲ್ಲ. ಹನ್ನೆರಡು ವರ್ಷವಾದರೂ ಸರಾಗವಾಗಿ ಓದಲು ಬರುತ್ತಿರಲಿಲ್ಲವೆಂದು ಹೇಳುತ್ತಾರೆ. ಆದರೆ ಗಣಿತ ಕೈಹಿಡಿಯಿತು. ಎಂಜಿನಿಯರಿಂಗ್ ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದು, 1929ರಲ್ಲಿ ಕೊಲಂಬಿಯಾ ಗ್ರಾಫೋಫೋನ್ ಕಂಪನಿ ಸೇರಿದರು. 1931ರಲ್ಲಿ ಆ ಕಂಪನಿ ಇ.ಎಂ.ಐ. ಸಂಸ್ಥೆಯ ಭಾಗವಾಯಿತು.

ಆ ವರ್ಷ ಭಾವಿ ಪತ್ನಿ ಡೊರೀನ್ ಜೊತೆ ಸಿನಿಮಾ ನೋಡುತ್ತಿದ್ದಾಗ ಅವರಿಗೊಂದು ಕೊರತೆ ಕಂಡಿತಂತೆ. ನಟ ಪರದೆಯ ಒಂದು ತುದಿಯಲ್ಲಿದ್ದರೆ ಮಾತು ಇನ್ನೊಂದು ತುದಿಯ ಸ್ಪೀಕರಿನಿಂದ ಬರುತ್ತಿತ್ತು. ಬಲಗಡೆಯ ಸದ್ದು ಬಲಗಿವಿಗೆ ಕ್ಷಣದ ಒಂದಂಶದಷ್ಟು ಮೊದಲು, ತುಸು ಜೋರಾಗಿ ತಲುಪುವುದರಿಂದಲೇ ನಮಗೆ ದಿಕ್ಕು ತಿಳಿಯುತ್ತದೆ. ಈ ತತ್ತ್ವವನ್ನೇ ಹಿಡಿದು 1931ರ ಡಿಸೆಂಬರ್ 14ರಂದು ಅವರು ಪೇಟೆಂಟಿಗೆ ಅರ್ಜಿ ಹಾಕಿದರು. ಗ್ರಾಮಾಫೋನ್ ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ಸದ್ದುಗಳನ್ನು ಕೊರೆಯುವ ಉಪಾಯವೂ ಅದರಲ್ಲಿತ್ತು. 1934ರಲ್ಲಿ ಅಬ್ಬಿ ರೋಡ್ ಸ್ಟುಡಿಯೋದಲ್ಲಿ ಇದರ ಪ್ರಯೋಗಗಳೂ ನಡೆದವು.

ಆದರೆ ಕಂಪನಿ ಅದನ್ನು ಆಗ ಮಾರುಕಟ್ಟೆಗೆ ತರಲಿಲ್ಲ. ಬ್ಲಮ್‌ಲೈನ್ ಟೆಲಿವಿಷನ್ ಕೆಲಸಕ್ಕೆ, ಬಳಿಕ ಯುದ್ಧಕಾಲದ ರಾಡಾರ್ ಸಂಶೋಧನೆಗೆ ತೊಡಗಿದರು. 1942ರ ಜೂನ್ 7ರಂದು ರಾಡಾರ್ ಪರೀಕ್ಷೆಗೆಂದು ಹಾರಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಬೆಂಕಿ ಹತ್ತಿ ಉರುಳಿತು. ಅದರಲ್ಲಿದ್ದ ಹನ್ನೊಂದು ಮಂದಿಯೂ ತೀರಿಕೊಂಡರು. ಬ್ಲಮ್‌ಲೈನ್ ಅವರಿಗೆ ಆಗ ಕೇವಲ 38 ವರ್ಷ. ಹೆಸರಿನಲ್ಲಿ 128 ಪೇಟೆಂಟುಗಳಿದ್ದವು. ಯುದ್ಧದ ಗುಟ್ಟಿಗಾಗಿ ಅವರ ಸಾವಿನ ಸುದ್ದಿಯನ್ನೂ ಬಹುಕಾಲ ಬಹಿರಂಗಪಡಿಸಲಿಲ್ಲ.

ಸ್ಟೀರಿಯೋ ತಟ್ಟೆಗಳು 1958ರ ಹೊತ್ತಿಗೆ ಅಂಗಡಿಗೆ ಬಂದಾಗ ಆ ಪೇಟೆಂಟಿನ ಅವಧಿಯೇ ಮುಗಿದಿತ್ತು. 2017ರಲ್ಲಿ ಗ್ರ್ಯಾಮಿ ತಾಂತ್ರಿಕ ಪ್ರಶಸ್ತಿ ಅವರಿಗೆ ಮರಣೋತ್ತರವಾಗಿ ಸಂದಿತು.

ಓದು ತಡವಾಗಿ ಬಂದ ಹುಡುಗ, ಇತರರು ಸಹಿಸಿಕೊಂಡ ಒಂದು ಕೊರತೆಯನ್ನು ಪ್ರಶ್ನೆಯಾಗಿ ಕಂಡ. ಅದರ ಫಲ ತನಗೆ ದಕ್ಕದಿದ್ದರೂ ಲೋಕಕ್ಕೆ ದಕ್ಕಿತು. ತರಗತಿಯಲ್ಲಿ ಹಿಂದುಳಿದ ಮಗುವನ್ನು ದಡ್ಡನೆಂದು ಕರೆಯುವ ಮುನ್ನ ನಾವು, ಹೆತ್ತವರೂ ಶಿಕ್ಷಕರೂ, ಇದನ್ನು ನೆನೆಯುವುದು ಒಳಿತು.