ಮಾರುತದ ಶಿಲ್ಪಿ ಕುರ್ಟ್ ಟ್ಯಾಂಕ್

ಬೆಂಗಳೂರಿನಲ್ಲಿ ಕುಳಿತು ಭಾರತಕ್ಕೊಂದು ಜೆಟ್ ಯುದ್ಧವಿಮಾನವನ್ನು ರಚಿಸಿಕೊಟ್ಟ ಕುರ್ಟ್ ಟ್ಯಾಂಕನು ಜನಿಸಿದುದು 1898ರಲ್ಲಿ, ಆಗ ಜರ್ಮನಿಗೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಬ್ರೊಂಬರ್ಗ್ ಪಟ್ಟಣದಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದು, ಅನಂತರ ಬರ್ಲಿನ್ನಿನಲ್ಲಿ ಇಂಜಿನಿಯರಿಂಗ್ ಓದಿ, 1931ರಲ್ಲಿ ಫಾಕ್-ವುಲ್ಫ್ ಕಂಪನಿಯನ್ನು ಸೇರಿದನು. ತಾನು ರಚಿಸಿದ ವಿಮಾನಗಳನ್ನು ತಾನೇ ಹಾರಿಸಿ ಪರೀಕ್ಷಿಸುತ್ತಿದ್ದುದು ಈತನ ವೈಶಿಷ್ಟ್ಯ. ಈತನ ಹೆಸರಾಂತ ಎಫ್.ಡಬ್ಲ್ಯೂ. 190 ವಿಮಾನವು ಹಾರಿದುದು ಹಿಟ್ಲರನ ಯುದ್ಧಕ್ಕಾಗಿ ಎಂಬುದನ್ನು ಮಾತ್ರ ಮರೆಯುವಂತಿಲ್ಲ. 1939ರ ಅದರ ಮೊದಲ ಮಾದರಿಯಲ್ಲಿ, ಗಾಳಿಯ ತಡೆ ತಗ್ಗಲೆಂದು ಮೂತಿಯನ್ನು ಮುಚ್ಚಿ ನಡುವೆಯಷ್ಟೇ ಗಾಳಿಗೆ ದಾರಿ ಬಿಟ್ಟಿದ್ದನು. ಇಂಜಿನು ವಿಪರೀತ ಕಾಯಿತು. ಆ ಮೂತಿಯನ್ನು ಕೈಬಿಡಬೇಕಾಯಿತು.

ಜರ್ಮನಿ ಸೋತ ಮೇಲೆ ಟ್ಯಾಂಕನು ಅರ್ಜೆಂಟೈನಾಕ್ಕೆ ಹೋದನು. ಅಲ್ಲಿ ಪೆರೋನನ ಆಳ್ವಿಕೆ 1955ರಲ್ಲಿ ಉರುಳಲು, ಮರುವರ್ಷವೇ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದನು. ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲ ವಿಮಾನವನ್ನು ರಚಿಸುವ ಹೊಣೆ ಈತನದಾಯಿತು. 1959ರಲ್ಲಿ ಇಂಜಿನ್ನಿಲ್ಲದ ಪೂರ್ಣಗಾತ್ರದ ಮರದ ಮಾದರಿಯನ್ನು ಹಾರಿಸಿ ನೋಡಿದರು.

ಇಲ್ಲಿ ಗಾಳಿಯ ಗುಣವನ್ನು ತುಸು ಹೇಳಬೇಕು. ಕನಕಪುರ ತಾಲ್ಲೂಕಿನ ಮೇಕೆದಾಟುವನ್ನು ಕಂಡವರಿಗೆ, ಬಂಡೆಗಳ ಇಕ್ಕಟ್ಟಿನಲ್ಲಿ ಕಾವೇರಿಯ ರಭಸ ಹೆಚ್ಚುವುದು ಗೊತ್ತು. ಶಬ್ದಕ್ಕಿಂತ ನಿಧಾನವಾದ ಗಾಳಿಯೂ ಹಾಗೆಯೇ. ಶಬ್ದವನ್ನು ಮೀರಿದ ಗಾಳಿಯಾದರೋ ಇಕ್ಕಟ್ಟಿನಲ್ಲಿ ನಿಧಾನವಾಗುತ್ತದೆ! ಜೆಟ್ ಇಂಜಿನು ನುಂಗಬಲ್ಲದ್ದು ಶಬ್ದಕ್ಕಿಂತ ನಿಧಾನವಾದ ಗಾಳಿಯನ್ನು ಮಾತ್ರ. ಒಂದೇ ನೇರ ಆಘಾತ ತರಂಗದಿಂದ ವೇಗವನ್ನು ತಗ್ಗಿಸಿದರೆ, ಇಮ್ಮಡಿ ವೇಗದಲ್ಲಿ ಗಾಳಿಯ ಒಟ್ಟು ಒತ್ತಡದಲ್ಲಿ ನೂರಕ್ಕೆ ಸುಮಾರು 28 ಪಾಲು ನಷ್ಟ. ಆದುದರಿಂದ ಗಾಳಿಬಾಯಲ್ಲಿ ಶಂಕುವೊಂದನ್ನಿಟ್ಟು, ಮೊದಲು ಓರೆ ತರಂಗದಿಂದ, ಬಳಿಕ ದುರ್ಬಲವಾದ ನೇರ ತರಂಗದಿಂದ ತಗ್ಗಿಸುತ್ತಾರೆ. ಮಾರುತದ ಎರಡು ಪಕ್ಕಗಳ ಗಾಳಿಬಾಯಿಗಳಲ್ಲಿಯೂ ಇಂಥ ಅರೆಶಂಕುಗಳಿದ್ದವು; ಚನ್ನಪಟ್ಟಣದ ಬುಗುರಿಯನ್ನು ಉದ್ದಕ್ಕೆ ಸೀಳಿ ಅಂಟಿಸಿದ ಹಾಗೆ.

1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಮಾರುತವನ್ನು ಮೊದಲು ಹಾರಿಸಿದರು. ಆದರೆ ನೆಚ್ಚಿಕೊಂಡಿದ್ದ ಆರ್ಫಿಯಸ್ 12 ಇಂಜಿನು ಬರಲೇ ಇಲ್ಲ; ಅದರ ಖರ್ಚನ್ನು ಹೊರಲು ಬ್ರಿಟನ್ನೂ ಮುಂದಾಗಲಿಲ್ಲ, ಭಾರತವೂ ಮುಂದಾಗಲಿಲ್ಲ. ಕಡಿಮೆ ಬಲದ ಆರ್ಫಿಯಸ್ 703ರಿಂದ ವಿಮಾನವು ಶಬ್ದದ ವೇಗದ ಆಸುಪಾಸಿನಲ್ಲಿಯೇ ಉಳಿಯಿತು. ಇಮ್ಮಡಿ ವೇಗದ ಗಾಳಿಯನ್ನು ಆ ಶಂಕುಗಳು ಕಾಣಲಿಲ್ಲ. ಇಂಜಿನಿನ ಬಲವನ್ನು ಹೆಚ್ಚಿಸುವ ಪ್ರಯತ್ನದಲ್ಲಿ, 1970ರ ಜನವರಿ 10ರಂದು ದಾಸ್ ಅವರೇ ಅಪಘಾತಕ್ಕೆ ಬಲಿಯಾದರು. ಅಷ್ಟರಲ್ಲಿ ಟ್ಯಾಂಕನು ಜರ್ಮನಿಗೆ ಮರಳಿದ್ದನು.

ಒಟ್ಟು 147 ಮಾರುತಗಳು ಸಿದ್ಧವಾದವು. 1971ರ ಯುದ್ಧದಲ್ಲಿ ಲೋಂಗೆವಾಲಾದ ಮರಳುಗಾಡಿನ ಮೇಲೆ ಹಾರಿದವು. ಟ್ಯಾಂಕನು 1983ರಲ್ಲಿ ಮ್ಯೂನಿಕ್ ನಗರದಲ್ಲಿ ತೀರಿಕೊಂಡನು.